ಬಾಲಯೇಸುವನ್ನು ಕದಿಯುವ ಮೊದಲು ವಕೀಲರನ್ನು ಕೇಳಿ

ಆ ವರ್ಷ ಜನವರಿ ಅರ್ಧ ಕಳೆದರೂ ದೋನ್ಯಾ ಎಲುವಿಯಾ ಅವರ ಮನೆಯ ಬಾಲಯೇಸುವನ್ನು ಯಾರೂ ಕದ್ದಿರಲಿಲ್ಲ. ಬೀದಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೊಂದಿರಲಿಲ್ಲ.

ಕದಿಯಬೇಕಾದದ್ದೇ ಪದ್ಧತಿ. ಗ್ವಾಟೆಮಾಲಾದಿಂದ ಲಾಸ್ ಏಂಜಲೀಸ್‌ಗೆ ಬಂದು ಆ ಬೀದಿಯಲ್ಲಿ ನೆಲೆಸಿದವರು ಊರು ಬಿಡುವಾಗ ಏನೇನೋ ಬಿಟ್ಟು ಬಂದಿದ್ದರು, ಇದೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಕ್ರಿಸ್‌ಮಸ್‌ಗೆ ಮನೆಯಲ್ಲಿ ಗೋದಲಿ ಕಟ್ಟಿ, ಬಣ್ಣ ಹಾಕಿದ ಮರದ ಹೊಟ್ಟು ಹರಡಿ, ನಡುವೆ ಮಗುವನ್ನು ಮಲಗಿಸುತ್ತಾರೆ. ಫೆಬ್ರವರಿ ಎರಡರ ಹಬ್ಬದೊಳಗೆ ನೆರೆಹೊರೆಯವರು ಯಾರಾದರೂ ಆ ಮಗುವನ್ನು ಎಗರಿಸಿಕೊಂಡು ಹೋಗಬೇಕು. ಕದ್ದವರು ಹಬ್ಬದ ದಿನ ಮಗುವಿಗೆ ಹೊಸ ಅಂಗಿ ತೊಡಿಸಿ ಮೆರವಣಿಗೆಯಲ್ಲಿ ತಂದೊಪ್ಪಿಸುತ್ತಾರೆ. ಕಳೆದುಕೊಂಡವರು ಬೀದಿಗೆಲ್ಲ ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಹಂಚಿ, ಹಣ್ಣು ಹಾಕಿ ಕುದಿಸಿದ ಬಿಸಿ ಪೋಂಚೆ ಕುಡಿಸುತ್ತಾರೆ. ಕದ್ದ ಮನೆಯ ಯಜಮಾನ ಅಂದಿನಿಂದ ಮಗುವಿನ ಧರ್ಮತಂದೆ. ಎರಡು ಮನೆಯವರು ಬೀಗರಿಗಿಂತ ಹತ್ತಿರ. ಹೀಗಿರುವಾಗ ಮಗು ಕಳುವಾಗದೆ ಉಳಿಯಿತೆಂದರೆ, ಆ ಮನೆಯ ತಮಾಲೆ ಯಾರಿಗೂ ಬೇಡವಾಗಿದೆ ಎಂದೇ ಅರ್ಥ.

ದೋನ್ಯಾ ಎನ್ನುವುದು ಆ ಬೀದಿಯವರು ಹಿರಿಯ ಹೆಂಗಸರಿಗೆ ಕೊಡುವ ಗೌರವ. ದೋನ್ಯಾ ಎಲುವಿಯಾ ಬಾಯಿಬಿಟ್ಟು ಯಾರನ್ನೂ ದೂರಲಿಲ್ಲ. ಗೋದಲಿ ಇದ್ದದ್ದು ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ. ಅದರ ಪಕ್ಕದ ಬಾಗಿಲಿನ ಚಿಲಕ ತೆಗೆದೇ ಇಟ್ಟರು. ಆಮೇಲೆ ಬಾಗಿಲನ್ನೇ ಅರ್ಧ ತೆರೆದಿಟ್ಟರು. ಚರ್ಚಿನ ಮೆಟ್ಟಿಲ ಮೇಲೆ ನಿಂತು, ಈ ಕಾಲದಲ್ಲಿ ಕಳ್ಳರಿಗೂ ಭಕ್ತಿ ಇಲ್ಲ ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಗೊಣಗಿದರು.

ಅಸಲಿಗೆ ಜನರ ಭಕ್ತಿಗೆ ಏನೂ ಆಗಿರಲಿಲ್ಲ. ಅಡ್ಡಿಯಾಗಿದ್ದವನು ಅವರ ಅಳಿಯ ಡಗ್. ಒಹಾಯೊ ಕಡೆಯ ಹುಡುಗ, ಗುಣದಲ್ಲಿ ಚಿನ್ನ. ಅತ್ತೆಯ ಮನೆಯ ಕ್ಷೇಮಕ್ಕಾಗಿ ಬಾಗಿಲು ಬಾಗಿಲಿಗೂ ಕ್ಯಾಮರಾ ಹಚ್ಚಿಸಿದ್ದ, ಅದರ ಕಣ್ಣೆದುರು ಕದಿಯಲು ಯಾರಿಗೂ ಧೈರ್ಯ ಬಂದಿರಲಿಲ್ಲ. ಗೋದಲಿಯ ಪದ್ಧತಿಯನ್ನು ಅವನಿಗೆ ಎರಡು ಸಲ ವಿವರಿಸಿದ್ದರು. ಎರಡು ಸಲವೂ ಅವನು ನಗುನಗುತ್ತಾ ತಲೆಯಾಡಿಸಿದ್ದ. ಅವನಿಗೆ ಸ್ಪ್ಯಾನಿಷ್ ಬರುವುದಿಲ್ಲ ಎನ್ನುವುದು ಆಗ ಯಾರಿಗೂ ಹೊಳೆದಿರಲಿಲ್ಲ.

ಎದುರು ಮನೆಯಲ್ಲಿ ಮೇನೋರ್ ಇದ್ದ. ಬೇಕರಿಯಲ್ಲಿ ರೊಟ್ಟಿ ಸುಡುವವನು, ಹೆಂಡತಿ ಹೈದಿ, ಆರು ವರ್ಷದ ಮಗಳು, ಜೊತೆಗೆ ಹೈದಿಯ ತಾಯಿ ದೋನ್ಯಾ ತ್ರಾನ್ಸಿತೊ. ಮೇನೋರ್ ಹತ್ತೊಂಬತ್ತರ ವಯಸ್ಸಿನಲ್ಲಿ ಗೆಳೆಯರ ಜೊತೆ ಸೇರಿ ಮನೆಗಳ್ಳತನ ಮಾಡಿ ಜೈಲಿಗೆ ಹೋಗಿ ಬಂದವನು. ರೊಟ್ಟಿಯ ಕೆಲಸ ಕಲಿತದ್ದೂ ಅಲ್ಲಿಯ ಅಡುಗೆಮನೆಯಲ್ಲೇ. ಹೊರಗೆ ಬಂದ, ಬಿಡುಗಡೆಯಾದ ಮೇಲೆ ಅಧಿಕಾರಿಗಳ ನಿಗಾದಲ್ಲಿ ಕಳೆಯಬೇಕಾದ ಪೆರೋಲ್ ಮುಗಿಸಿದ, ಮದುವೆಯಾದ. ಅತ್ತೆ ಆ ವಿಷಯ ಎತ್ತಿದವರಲ್ಲ, ಆದರೆ ತಮ್ಮ ಪರ್ಸನ್ನು ಅವನಿರುವ ಕೋಣೆಯಲ್ಲಿ ಬಿಟ್ಟವರೂ ಅಲ್ಲ.

ಅಂಥ ಅತ್ತೆ ಒಂದು ಬೆಳಿಗ್ಗೆ ಕಾಫಿಗೆ ಚಂಪುರಾದಾ ಬಿಸ್ಕತ್ತು ಅದ್ದುತ್ತಾ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಳಿಯನ ಕಡೆ ಅಭಿಮಾನದಿಂದ ನೋಡಿದರು.

"ಕೆಲಸ ಗೊತ್ತಿರೋನು ಮನೇಲೇ ಇದಾನೆ. ನಾವ್ಯಾಕೆ ಬೇರೆಯವರ ದಾರಿ ಕಾಯ್ಬೇಕು?"

ಮೇನೋರ್‌ಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಅವನ ಕಿವಿ ಕೆಂಪಾಯಿತು. ಒಂದು ಬಗೆಯಲ್ಲಿ ಅವಮಾನ ನಿಜ. ಆದರೆ ದೋನ್ಯಾ ಎಲುವಿಯಾ ಅವರ ಮಗುವಿಗೆ ಧರ್ಮತಂದೆ ಎಂದರೆ ಸಣ್ಣ ಮಾತಲ್ಲ. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವರ ಮನೆಗಳಿಗೇ ಅದು ಸಂದಿತ್ತು. ತನ್ನನ್ನು ಬೀದಿಯವರು "ಒಳಗಿದ್ದು ಬಂದವನು" ಎಂದು ಕರೆಯುವ ಬದಲು "ಮಗುವಿನ ಧರ್ಮತಂದೆ" ಎಂದು ಕರೆದರೆ ಹೇಗಿರುತ್ತದೆ ಎಂದು ಅವನು ಹಿಟ್ಟು ನಾದುತ್ತಾ ನಾದುತ್ತಾ ಯೋಚಿಸಿದ. ಯೋಚನೆ ಹಿಟ್ಟಿನ ಜೊತೆಗೇ ಉಬ್ಬಿತು.

ಮಗುವನ್ನು ತೆಗೆದ ಜಾಗ ಖಾಲಿ ಕಾಣಬಾರದೆಂದು, ಅಲ್ಲಿ ಮಲಗಿಸಲು ಅವನು ರೊಟ್ಟಿಯ ಹಿಟ್ಟಿನಲ್ಲೇ ಒಂದು ಮಗು ಮಾಡಿ ಸುಟ್ಟ. ಒಲೆಗೆ ಹೋಗುವಾಗ ಅದು ದೇವರ ಮಗುವಿನಂತೆಯೇ ಇತ್ತು. ಹೊರಗೆ ಬರುವಾಗ ಕೆನ್ನೆ ಊದಿ, ಕತ್ತು ಮಾಯವಾಗಿ, ಯಾವುದೋ ಕುಸ್ತಿಯಲ್ಲಿ ಗೆದ್ದ ಪೈಲ್ವಾನನ ಹಾಗಾಗಿತ್ತು. ಅತ್ತೆ ಅದಕ್ಕೆ ಬಟ್ಟೆ ಸುತ್ತಿ, ಇಷ್ಟು ಸಾಕು, ದೂರದಿಂದ ಗೊತ್ತಾಗುವುದಿಲ್ಲ ಎಂದರು. ಭಾನುವಾರ ಪೂಜೆಯ ಹೊತ್ತಿಗೆ ಬೀದಿಯೆಲ್ಲ ಚರ್ಚಿನಲ್ಲಿರುತ್ತದೆ, ಆಗ ಹೋಗುವುದು ಎಂದು ನಿಶ್ಚಯವಾಯಿತು.

ಶನಿವಾರ ನಿನೆತ್ ಬಂದಳು. ಹೈದಿಯ ಅಕ್ಕ. ವಕೀಲರಿಗೆ ಹಣ ಕೊಡಲಾಗದವರಿಗಾಗಿ ಸರ್ಕಾರವೇ ನಡೆಸುವ ವಕೀಲರ ಕಚೇರಿಯಲ್ಲಿ ಕೆಲಸ. ದಿನವಿಡೀ ಜೈಲು, ಕೋರ್ಟು ಅಲೆದು ಬಂದು, ತಂಗಿಯ ಮನೆಯಲ್ಲಿ ಕಾಫಿ ಕುಡಿಯುವಾಗಲಾದರೂ ಅಪರಾಧದ ಮಾತು ಬೇಡ ಎನ್ನುವುದು ಅವಳ ಏಕೈಕ ಬೇಡಿಕೆ. ಮೇಜಿನ ಮೇಲೆ ಬಟ್ಟೆ ಸುತ್ತಿ ಮಲಗಿಸಿದ್ದನ್ನು ಅವಳು ಬೆರಳಿನಿಂದ ಸರಿಸಿ ನೋಡಿದಳು.

"ಇದೇನು?"

"ರೊಟ್ಟಿ ಅತ್ತಿಗೆ" ಎಂದ ಮೇನೋರ್.

"ರೊಟ್ಟಿಗೆ ಯಾಕೆ ಮೂಗು?"

ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ ಎಂದುಕೊಂಡಿದ್ದ ದೋನ್ಯಾ ತ್ರಾನ್ಸಿತೊ ಯೋಜನೆಯನ್ನೆಲ್ಲ ಮಗಳ ಮುಂದೆ ಬಿಚ್ಚಿಟ್ಟರು. ಗ್ಯಾರೇಜು, ಪಕ್ಕದ ಬಾಗಿಲು, ಪೂಜೆಯ ಹೊತ್ತು, ಅಳಿಯನ ಅನುಭವ. ಅನುಭವ ಎಂಬ ಮಾತಿಗೆ ಬಂದಾಗ ನಿನೆತ್ ಕಾಫಿಯ ಬಟ್ಟಲು ಕೆಳಗಿಟ್ಟಳು.

"ಮೇನೋರ್, ಆವತ್ತು ನೀವು ಎಷ್ಟು ಮನೆಗೆ ನುಗ್ಗಿದ್ರಿ?"

"ಎರಡು. ಆದ್ರೆ ಎರಡನೇದು ಲೆಕ್ಕಕ್ಕಿಲ್ಲ ಅತ್ತಿಗೆ. ಅಲ್ಲಿ ಸಿಕ್ಕಿದ್ದು ಒಂದು ಟೋಸ್ಟರು."

"ಕೋರ್ಟಲ್ಲಿ ಎರಡಕ್ಕೂ ತಪ್ಪಾಯ್ತು ಅಂತ ಒಪ್ಕೊಂಡ್ಯಾ?"

"ಒಪ್ಕೊಂಡೆ. ಎರಡು ಶಿಕ್ಷೇನೂ ಒಟ್ಟೊಟ್ಟಿಗೇ ಕಳೆಯುತ್ತೆ, ಎಲ್ಲಾ ಒಂದೇ ಲೆಕ್ಕ ಅಂದ್ರು."

"ಜೈಲಿಗೆ ಒಂದು ಲೆಕ್ಕ. ಸ್ಟ್ರೈಕಿಗೆ ಎರಡು. ನಿನ್ನ ಟೋಸ್ಟರಿಗೂ ಒಂದು ಸ್ಟ್ರೈಕ್ ಇದೆ ಕಣೋ."

ಮೇನೋರ್ ನಕ್ಕ. ಬೇರೆ ಯಾರೂ ನಗದಿದ್ದಾಗ ನಿಲ್ಲಿಸಿದ.

ಅವನಿಗೆ ಬೇಸ್‌ಬಾಲ್ ಗೊತ್ತು. ಹೊಡೆತ ತಪ್ಪಿದ ಪ್ರತಿ ಸಲಕ್ಕೂ ಒಂದು ಸ್ಟ್ರೈಕ್, ಮೂರಾದರೆ ಆಟಗಾರ ಔಟ್. ಕ್ಯಾಲಿಫೋರ್ನಿಯಾದ ಕಾನೂನು ಆ ಆಟದ ಮಾತನ್ನೇ ಎರವಲು ಪಡೆದು, ಜನ ವಾಸವಿರುವ ಮನೆಗೆ ಕದಿಯಲು ನುಗ್ಗುವಂಥ ಗಂಭೀರ ಅಪರಾಧಗಳಿಗೆ ಒಂದೊಂದಕ್ಕೂ ಒಂದೊಂದು ಸ್ಟ್ರೈಕ್ ಹಾಕಿಡುತ್ತದೆ ಎಂಬುದೂ ಅರೆಬರೆ ಗೊತ್ತಿತ್ತು. ಅವನ ತಿಳಿವಳಿಕೆ ತಪ್ಪಿದ್ದು ಎಣಿಸುವುದರಲ್ಲಿ. ಜೈಲಿಗೆ ಹೋದದ್ದು ಒಂದು ಸಲ, ಆದ್ದರಿಂದ ಸ್ಟ್ರೈಕ್ ಒಂದೇ ಎಂದು ಅವನು ತಿಳಿದಿದ್ದ. ಅದೂ ಹಳೆಯದಾಗಿ, ಹಿಟ್ಟಿನ ಚೀಲದ ಮೇಲಿನ ಮುದ್ರೆಯ ಹಾಗೆ ಎಂದೋ ಅಳಿಸಿಹೋಗಿದೆ ಎಂದೂ ನಂಬಿದ್ದ. ನಿನೆತ್ ಎರಡು ನಂಬಿಕೆಗಳನ್ನೂ ಒಂದರ ನಂತರ ಒಂದು ಬಿಡಿಸಿದಳು. ಎಣಿಸುವುದು ಒಪ್ಪಿಕೊಂಡ ಅಪರಾಧಗಳನ್ನು, ಜೈಲಿಗೆ ಹೋದ ಸಲವನ್ನಲ್ಲ. ಈ ರಾಜ್ಯದಲ್ಲಿ ಅದು ತಾನಾಗಿ ಅಳಿಸಿಹೋಗುವುದಿಲ್ಲ. ಶಿಕ್ಷೆ ಮುಗಿದರೂ, ಪೆರೋಲ್ ಮುಗಿದರೂ, ಕೂದಲು ನರೆತರೂ ಹಾಗೇ ಇರುತ್ತದೆ. ಒಂದು ಸ್ಟ್ರೈಕ್ ಇದ್ದವನು ಮುಂದೆ ಯಾವ ದೊಡ್ಡ ಅಪರಾಧ ಮಾಡಿದರೂ ಶಿಕ್ಷೆ ಒಂದಕ್ಕೆರಡು. ಎರಡು ಇದ್ದವನು ಇನ್ನೊಂದು ಗಂಭೀರ ಅಪರಾಧ ಮಾಡಿದರೆ ಕಡಿಮೆಯೆಂದರೆ ಇಪ್ಪತ್ತೈದು ವರ್ಷ, ಹೆಚ್ಚೆಂದರೆ ಜೀವಾವಧಿ.

ದೋನ್ಯಾ ತ್ರಾನ್ಸಿತೊಗೆ ಇದು ಹಿಡಿಸಲಿಲ್ಲ. ಅವರ ಪ್ರಕಾರ ಕಾನೂನು ಇರುವುದು ಟೋಸ್ಟರಿಗೆ. ದೇವರ ಮಗುವಿಗೆ ಅದು ಅನ್ವಯಿಸುವುದಿಲ್ಲ. ದೇವರೇ ದೂರು ಕೊಡದಿದ್ದ ಮೇಲೆ ಪೊಲೀಸರು ಯಾರು? ಅದೂ ಅಲ್ಲದೆ ಬಾಗಿಲು ತೆರೆದೇ ಇದೆ, ಮುರಿಯುವ ಪ್ರಶ್ನೆಯೇ ಇಲ್ಲ, ಅದು ಗ್ಯಾರೇಜು, ಮನೆಯಲ್ಲ.

ಮನೆಗೆ ಅಂಟಿದ ಗ್ಯಾರೇಜು ಮನೆಯೇ ಎಂದಳು ನಿನೆತ್. ತೆರೆದ ಬಾಗಿಲಿನಿಂದ ಹೋದರೂ ಹೋದದ್ದೇ. ಒಳಗೆ ಬೇರೆ ಯಾರಾದರೂ ಇದ್ದರಂತೂ ಮುಗಿಯಿತು. ಯಾರನ್ನೂ ಮುಟ್ಟದಿದ್ದರೂ ಕಾನೂನು ಅದನ್ನು ಹಿಂಸೆಯ ಅಪರಾಧವೆಂದೇ ಕರೆಯುತ್ತದೆ. ಡಗ್ ಭಾನುವಾರ ಚರ್ಚಿಗೆ ಹೋಗುವುದಿಲ್ಲ. ಸೋಫಾದ ಮೇಲೆ ಮಲಗಿ ಫುಟ್‌ಬಾಲ್ ನೋಡುತ್ತಾನೆ.

"ಕದಿಯೋದಕ್ಕಲ್ಲ, ವಾಪಸ್ ಕೊಡೋಕೇ ತಗೊಂಡಿದ್ದು ಅಂತ ಹೇಳ್ತೀನಿ" ಎಂದ ಮೇನೋರ್.

"ಹೇಳು. ಅದು ನಿಜವಾದ್ರೆ ಆ ಅಪರಾಧವೇ ಆಗಲ್ಲ. ಆದ್ರೆ ನಿನ್ನ ತಲೆಯೊಳಗಿದ್ದ ಮಾತನ್ನ ತೀರ್ಪು ಹೇಳೋಕೆ ಕೋರ್ಟು ಕೂರಿಸಿದ ಹನ್ನೆರಡು ಜನ ಅಪರಿಚಿತರು ನಂಬಬೇಕು. ಅದರಲ್ಲಿ ಹನ್ನೊಂದು ಜನ ಡಗ್ ಥರದವರು ಕೂತಿರ್ತಾರೆ. ಅವರ ಮುಂದೆ ನೀನು ಈ ಪೈಲ್ವಾನ್ ರೊಟ್ಟೀನ ಸಾಕ್ಷಿಗೆ ತಂದಿಡ್ತೀಯ."

"ಒಳ್ಳೆ ನಡತೆ ಇದ್ರೆ ಬೇಗ ಬಿಡ್ತಾರಲ್ಲ ಅತ್ತಿಗೆ. ಹೋದ್ಸಲ ಬಿಟ್ರು."

"ಹೋದ್ಸಲ ನಿನ್ನ ಶಿಕ್ಷೆಗೆ ಕೊನೇ ದಿನ ಅಂತ ಒಂದಿತ್ತು. ಬಂದೆ, ಪೆರೋಲ್ ಮುಗಿಸ್ದೆ. ಇದಕ್ಕೆ ಕೊನೇ ದಿನವೇ ಇಲ್ಲ. ಇಪ್ಪತ್ತೈದು ವರ್ಷ ಆದ್ಮೇಲೆ ಪೆರೋಲ್ ಮಂಡಳಿಯವರು ನಿನ್ನನ್ನ ಕೂರಿಸ್ಕೊಂಡು, ಇವನನ್ನ ಬಿಡಬಹುದಾ ಅಂತ ಕೇಳ್ತಾರೆ. ಬೇಡ ಅನ್ನಿಸಿದ್ರೆ ಇನ್ನೂ ಕೆಲವು ವರ್ಷ ಬಿಟ್ಟು ಬಾ ಅಂತಾರೆ. ಮುಂಚೆನೇ ಕೇಳ್ಕೊಳ್ಳೋ ದಾರಿ ಕೆಲವರಿಗಿದೆ, ಜಡ್ಜು ಮನಸ್ಸು ಮಾಡಿದ್ರೆ ಹಳೇ ಸ್ಟ್ರೈಕನ್ನ ಪಕ್ಕಕ್ಕಿಡಬಹುದು, ಅದೂ ಇದೆ. ಅದನ್ನೇ ನಂಬ್ಕೊಂಡು ಕೂತವರನ್ನ ನಾನು ವಾರ ವಾರ ನೋಡಿ ಬರ್ತೀನಿ."

ಹೈದಿ ಅಷ್ಟು ಹೊತ್ತೂ ಪಾತ್ರೆ ತೊಳೆಯುತ್ತಿದ್ದಳು. ಈಗ ನಲ್ಲಿ ನಿಲ್ಲಿಸಿದಳು.

"ಅಷ್ಟೊತ್ತಿಗೆ ನಮ್ಮ ಮಗಳಿಗೆ ಮೂವತ್ತೊಂದು" ಎಂದಳು. ಮತ್ತೆ ನಲ್ಲಿ ತಿರುಗಿಸಿದಳು.

ಮೇನೋರ್ ರೊಟ್ಟಿಯ ಮಗುವಿನ ಮೇಲೆ ಬಟ್ಟೆ ಎಳೆದ. ಅತ್ತೆ ಮಾತ್ರ ಸೋಲಲಿಲ್ಲ. ವಕೀಲರ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಎಲ್ಲೆಲ್ಲೂ ಜೈಲೇ ಕಾಣುತ್ತದೆ, ಹಲ್ಲಿನ ಡಾಕ್ಟರಿಗೆ ಎಲ್ಲರ ಬಾಯಲ್ಲೂ ಹುಳುಕೇ ಕಂಡ ಹಾಗೆ ಎಂದು ಹೇಳಿ, ಪರ್ಸನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋದರು.

ಭಾನುವಾರ ಬೆಳಿಗ್ಗೆ ಮೇನೋರ್ ರಸ್ತೆ ದಾಟಿದ. ಕಂಕುಳಲ್ಲಿ ರೊಟ್ಟಿಯ ಮಗು. ಗ್ಯಾರೇಜಿನ ಪಕ್ಕದ ಬಾಗಿಲು ಎಂದಿನಂತೆ ಅರ್ಧ ತೆರೆದಿತ್ತು. ಒಳಗಿನಿಂದ ಪೈನ್ ಎಲೆಯ ವಾಸನೆ ಬರುತ್ತಿತ್ತು. ಅದು ಅವನ ಅಜ್ಜಿಯ ಮನೆಯ ಡಿಸೆಂಬರಿನ ವಾಸನೆ. ಕೈ ಚಾಚಿದರೆ ಸಾಕಿತ್ತು. ಅಲ್ಲೇ ನಿಂತು ಅವನು ಆ ವಾಸನೆಯನ್ನು ಎರಡು ಸಲ ಎಳೆದುಕೊಂಡ. ಆಮೇಲೆ ಮನೆಯ ಮುಂದುಗಡೆಗೆ ಬಂದು, ಕ್ಯಾಮರಾಕ್ಕೆ ಮುಖ ಪೂರ್ತಿ ಕಾಣುವ ಹಾಗೆ ನಿಂತು, ಗಂಟೆ ಒತ್ತಿದ.

ಚರ್ಚಿಗೆ ಹೊರಟಿದ್ದ ದೋನ್ಯಾ ಎಲುವಿಯಾ ಬಾಗಿಲು ತೆರೆದರು. ಮುಂದಿನ ಮಾತು ಅವನಿಗೆ ಹತ್ತೊಂಬತ್ತರ ವಯಸ್ಸಿನಲ್ಲಿ ಕೋರ್ಟಿನಲ್ಲಿ ನಿಂತು ಹೇಳಿದ್ದಕ್ಕಿಂತ ಕಷ್ಟವಾಯಿತು.

"ದೋನ್ಯಾ, ನಿಮ್ಮ ಮಗೂನ ಕದಿಯೋಕೆ ನನಗೆ ತುಂಬ ಆಸೆ. ಆದ್ರೆ ಆಗಲ್ಲ. ನನ್ನ ಮೇಲೆ ಎರಡು ಸ್ಟ್ರೈಕ್ ಇದೆ. ನಿಮ್ಮ ಮನೆ ಬಗ್ಗೆ ಅಸಡ್ಡೆ ಅಂದ್ಕೋಬೇಡಿ."

ಅವರು ಅವನನ್ನೂ, ಕಂಕುಳಲ್ಲಿದ್ದ ಪೈಲ್ವಾನನನ್ನೂ ನೋಡಿದರು. ಎರಡು ಸ್ಟ್ರೈಕ್ ಎಂದರೇನು ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ತಂಗಿಯ ಮಗ ಅದೇ ಕಾನೂನಿನಲ್ಲಿ ಒಳಗಿದ್ದಾನೆ. ಅವನ ಹೆಸರಿನ ಮೇಣದ ಬತ್ತಿ ಗೋದಲಿಯ ಮೂಲೆಯಲ್ಲಿ ಪ್ರತಿ ವರ್ಷ ಉರಿಯುತ್ತದೆ.

"ಬಾಗಿಲು ತೆರೆದಿಟ್ಟಿದ್ದು ನಿನಗೋಸ್ಕರಾನೇ ಮಗಾ" ಎಂದರು. "ಮುದುಕಿಗೆ ಬುದ್ಧಿ ಇಲ್ಲ. ಹೋಗು, ಕಳ್ಳತನ ನಾನು ನೋಡ್ಕೋತೀನಿ."

ನೋಡಿಕೊಂಡದ್ದು ಮುಂದಿನ ಭಾನುವಾರ. ಪೂಜೆಗೆ ಹೋಗಿದ್ದ ದೋನ್ಯಾ ಎಲುವಿಯಾ ಪಾದ್ರಿಯ ಪ್ರವಚನದ ನಡುವೆಯೇ ಎದ್ದು ಬಂದು, ತಲೆಯ ಮೇಲೆ ಕಪ್ಪು ಶಾಲು ಹೊದ್ದು, ತಮ್ಮದೇ ಗ್ಯಾರೇಜಿಗೆ ಪಕ್ಕದ ಬಾಗಿಲಿನಿಂದ ನುಗ್ಗಿದರು. ಮಗುವನ್ನು ಎದೆಗವಚಿಕೊಂಡು, ಗೋಡೆಗೆ ಒತ್ತಿಕೊಂಡು ನಡೆದು, ರಸ್ತೆ ದಾಟಿ ಮೇನೋರ್‌ನ ಮನೆ ಹೊಕ್ಕರು. ಕಳ್ಳತನ ಮಾಡುವವರು ಹೇಗೆ ನಡೆಯುತ್ತಾರೆಂದು ಟೆಲಿವಿಷನ್ನಿನಲ್ಲಿ ನೋಡಿದ್ದರು, ಅದರಲ್ಲಿ ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ಮಗುವನ್ನು ರೊಟ್ಟಿಯ ಬುಟ್ಟಿಯಲ್ಲಿ ಮಲಗಿಸಿ, ಕೈ ತೊಳೆದು, ಕಾಫಿ ಕೇಳಿದರು.

ಸೋಫಾದಲ್ಲಿದ್ದ ಡಗ್‌ನ ಫೋನು ಮಿಣುಕಿತು. ಪರದೆಯಲ್ಲಿ ಕಪ್ಪು ಮುಸುಕಿನ ಆಕೃತಿಯೊಂದು ಅತ್ತೆಯ ದೇವರನ್ನೇ ಹೊತ್ತೊಯ್ಯುತ್ತಿತ್ತು. ಅವನು ಪೊಲೀಸರಿಗೆ ಫೋನ್ ಮಾಡಿ, ಎತ್ತರದ ಗಂಡಸು, ಗಟ್ಟಿಮುಟ್ಟಾದ ಆಳು, ಎದುರು ಮನೆಗೆ ಓಡಿದ ಎಂದು ವರದಿ ಕೊಟ್ಟ. ದೋನ್ಯಾ ಎಲುವಿಯಾ ಚರ್ಚಿನ ಬೆಂಚಿನಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುವುದಿಲ್ಲ.

ಬೇಕರಿಯಿಂದ ಆಗತಾನೆ ಮರಳಿ, ತೋಳಿನ ತುಂಬ ಹಿಟ್ಟು ಮೆತ್ತಿಕೊಂಡು ಮನೆಯ ಮೆಟ್ಟಿಲು ಹತ್ತುತ್ತಿದ್ದ ಮೇನೋರ್‌ಗೆ ಹಿಂದಿನಿಂದ ನಿಲ್ಲು ಎಂಬ ಮಾತು ಕೇಳಿಸಿತು. ಅವನ ಕೈಗಳು ಅವನನ್ನು ಕೇಳದೆಯೇ ಮೇಲೆ ಹೋದವು. ಹಳೆಯ ಪಾಠ, ಕೈ ಮರೆತಿರಲಿಲ್ಲ. ಪೊಲೀಸನ ಎದೆಯ ಹೆಸರಿನ ಪಟ್ಟಿಯ ಮೇಲೆ ಪಾಕ್ ಎಂದಿತ್ತು; ಎಳೆಯ ವಯಸ್ಸು, ಒರಟನೇನೂ ಅಲ್ಲ. ಹೆಸರು ಕೇಳಿದ. ಹುಟ್ಟಿದ ದಿನ ಕೇಳಿದ. ಹಿಂದೆ ಯಾವತ್ತಾದರೂ ಬಂಧನವಾಗಿದೆಯೇ ಎಂದು ಕೇಳಿದ. ತೆರೆದ ಬಾಗಿಲಿನಿಂದ ಒಳಗಿನ ಮೇಜು ಕಾಣುತ್ತಿತ್ತು, ಮೇಜಿನ ಮೇಲೆ ಬುಟ್ಟಿ, ಬುಟ್ಟಿಯಿಂದ ಹೊರಗೆ ಚಾಚಿದ ದೇವರ ಮಗುವಿನ ಒಂದು ಪುಟ್ಟ ಕೈ. ಪಾಕ್ ಅದನ್ನು ನೋಡಿದ. ಮೇನೋರ್ ಅವನು ನೋಡುವುದನ್ನು ನೋಡಿದ. ಮಗಳು ಕಿಟಕಿಯಲ್ಲಿದ್ದಳು.

ಬಾಗಿಲ ಬಳಿ ನಿಂತಿದ್ದ ದೋನ್ಯಾ ತ್ರಾನ್ಸಿತೊ ಎಲ್ಲವನ್ನೂ ಕೇಳಿಸಿಕೊಂಡರು. ಅಳಿಯ ಬೆಳಗಿನಿಂದ ಬೇಕರಿಯಲ್ಲಿದ್ದ, ಬೇಕರಿಗೆ ಬೇಕರಿಯೇ ಸಾಕ್ಷಿ, ಅವನು ಏನನ್ನೂ ಮುಟ್ಟಿಲ್ಲ. ಆದರೂ ಅವನ ಕೈ ಮೇಲಿದೆ. ಮಾಡದಿದ್ದಕ್ಕೇ ಹೀಗಾದರೆ ತಾನು ಹೇಳಿದ ಹಾಗೆ ಮಾಡಿದ್ದರೆ ಏನಾಗುತ್ತಿತ್ತು ಎಂಬುದು ಅವರಿಗೆ ಆ ಮೆಟ್ಟಿಲ ಮೇಲೆ ಹೊಳೆಯಿತು. ಹೊಸ್ತಿಲ ಮೇಲೆಯೇ ಕೂತರು.

ಅಷ್ಟರಲ್ಲಿ ಒಳಗಿನಿಂದ ದೋನ್ಯಾ ಎಲುವಿಯಾ ಬಂದರು. ಕೈಯಲ್ಲಿ ಅರ್ಧ ಕಚ್ಚಿದ ಚಂಪುರಾದಾ.

"ಅವನ ಕೈ ಇಳಿಸೋಕೆ ಹೇಳಪ್ಪ. ಕಳ್ಳಿ ನಾನು."

ಯಾರ ಮನೆಯಿಂದ ಕದ್ದಿರಿ ಎಂದು ಪಾಕ್ ಕೇಳಿದ. ನನ್ನ ಮನೆಯಿಂದ ಎಂದರು. ಯಾರ ಸ್ವತ್ತು ಎಂದು ಕೇಳಿದ. ನನ್ನದೇ ಎಂದರು. ಹಾಗಾದರೆ ದೂರು ಯಾರದು ಎಂದು ಕೇಳಿದ. ಯಾರದೂ ಇಲ್ಲ, ನನಗೆ ಬಹಳ ಸಂತೋಷವಾಗಿದೆ, ಇಷ್ಟು ವರ್ಷಗಳಲ್ಲಿ ಇಷ್ಟು ಚೆನ್ನಾಗಿ ಯಾರೂ ಕದ್ದಿರಲಿಲ್ಲ ಎಂದರು. ಅಷ್ಟೊತ್ತಿಗೆ ರಸ್ತೆ ದಾಟಿ ಓಡಿಬಂದ ಡಗ್, ಎತ್ತರದ ಗಟ್ಟಿಮುಟ್ಟಾದ ಆಳನ್ನು ಹತ್ತಿರದಿಂದ ನೋಡಿ, ಕೈಯಲ್ಲಿದ್ದ ಫೋನನ್ನು ಜೇಬಿಗೆ ತುರುಕಿದ. ಈ ಸಲ ಪದ್ಧತಿಯನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಲಾಯಿತು.

ಫೆಬ್ರವರಿ ಎರಡರಂದು, ಮಗು ಬಂದು ಸೇರಿದ ಮನೆಯ ಯಜಮಾನನೆಂದು, ಮೇನೋರ್ ಹೊಸ ಅಂಗಿ ತೊಟ್ಟ ಮಗುವನ್ನು ಎತ್ತಿಕೊಂಡು ಮೆರವಣಿಗೆಯ ಮುಂದೆ ನಡೆದ. ಪಟಾಕಿ ಇರಲಿಲ್ಲ, ಈ ಊರಲ್ಲಿ ಅದಕ್ಕೂ ಕಾನೂನಿದೆ ಎಂದು ನಿನೆತ್ ತಡೆದಿದ್ದಳು. ಬದಲಿಗೆ ಗ್ವಾಟೆಮಾಲಾದ ಕ್ರಮದಂತೆ ಆಮೆಯ ಚಿಪ್ಪು ಬಡಿದರು. ಚಿಪ್ಪು ಬಡಿಯುವ ಕೆಲಸ ಡಗ್‌ಗೆ ಸಿಕ್ಕಿತ್ತು, ತಾಳ ಸಿಕ್ಕಿರಲಿಲ್ಲ. ಪಾಕ್ ಸಮವಸ್ತ್ರವಿಲ್ಲದೆ ಬಂದು ಎರಡು ತಮಾಲೆ ತಿಂದು, ಮೂರನೆಯದನ್ನು ಎಲೆ ಸಮೇತ ಜೇಬಿಗಿಟ್ಟುಕೊಂಡ. ಪೈಲ್ವಾನ್ ರೊಟ್ಟಿಯನ್ನು ಯಾರಿಗೂ ಕತ್ತರಿಸಲು ಮನಸ್ಸಾಗದೆ, ಅದು ಒಣಗಿ ಕಲ್ಲಾಗಿ ಗೋದಲಿಯ ಕುರುಬರ ಸಾಲಿನಲ್ಲಿ ನಿಂತಿತು. ತಮಾಲೆ ಬಡಿಸಲು ಎದ್ದ ದೋನ್ಯಾ ತ್ರಾನ್ಸಿತೊ ತಮ್ಮ ಪರ್ಸನ್ನು ಅಳಿಯನ ಮಡಿಲಲ್ಲಿಟ್ಟು, "ಇದನ್ನ ಸ್ವಲ್ಪ ನೋಡ್ಕೊಂಡಿರು" ಎಂದರು. ಮಗುವಿನ ಧರ್ಮತಂದೆ ಆ ಪರ್ಸನ್ನು ಹಬ್ಬ ಮುಗಿಯುವವರೆಗೂ ಎರಡು ಕೈಯಲ್ಲಿ ಹಿಡಿದು ಕೂತಿದ್ದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಮೇನೋರ್ ಇರಬಹುದು. ಅವನ ಮೇಲೆ ಎಷ್ಟು ಸ್ಟ್ರೈಕ್ ಇದೆ ಎಂದು ಊಹಿಸಿಕೊಂಡು ಕೂರಬೇಡಿ, ವಿಚಾರಿಸಿ. ಜೈಲು ಮುಗಿದಿದೆ, ಪೆರೋಲ್ ಮುಗಿದಿದೆ, ಇನ್ನೇನು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೋರ್ಟಿನಲ್ಲಿ ತಪ್ಪೊಪ್ಪಿಕೊಳ್ಳುವ ಮುಂಚೆ, ಇದು ಸ್ಟ್ರೈಕ್ ಆಗುತ್ತದೆಯೇ, ಆದರೆ ಎಷ್ಟು, ಮುಂದೆ ಪೆರೋಲ್‌ಗೆ ಏನಾಗುತ್ತದೆ ಎಂದು ನಿಮ್ಮ ವಕೀಲರನ್ನು ಬಾಯಿಬಿಟ್ಟು ಕೇಳಿ. ಹಣವಿಲ್ಲದವರಿಗೂ ವಕೀಲರಿದ್ದಾರೆ, ಕೇಳುವುದು ನಿಮ್ಮ ಹಕ್ಕು. ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ, ಪಕ್ಕದ ರಾಜ್ಯದ ಮಾವನ ಮಾತು ಇಲ್ಲಿ ನಡೆಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊರಗೆ ಬಂದು ಮರ್ಯಾದೆಯಿಂದ ಬದುಕುತ್ತಿರುವವನನ್ನು ತಮಾಷೆಗೂ, ಪುಣ್ಯಕ್ಕೂ ಇನ್ನೊಬ್ಬರ ಬಾಗಿಲೊಳಗೆ ತಳ್ಳಬೇಡಿ. ಬಾಲಯೇಸು ಕಳುವಾಗಲೇಬೇಕಿದ್ದರೆ ಮನೆಯ ಯಜಮಾನಿಯೇ ಕದಿಯಲಿ. ಅವರಿಗೆ ಕಾಫಿ ಕೊಡಲು ನೀವು ಸಿದ್ಧವಾಗಿದ್ದರೆ ಸಾಕು.